ಗಣಕಯಂತ್ರವೂ ನಮ್ಮ ತಿಥಿ-ತಾರೀಖುಗಳೂ

ಶಾಲೆಗಳ ಕಪಾಟುಗಳಲ್ಲಿ ದಶಕಗಳಿಂದ ಮಲಗಿದ್ದ ದಾಖಲಾತಿ ಪುಸ್ತಕಗಳನ್ನು ಗಣಕಯಂತ್ರಕ್ಕೆ ಏರಿಸುವ ಕಾರ್ಯ ಈಗ ಎಲ್ಲೆಡೆ ನಡೆದಿದೆ. ನಮ್ಮ ಕರಾವಳಿಯ ಮಳೆಗೂ ಗೆದ್ದಲಿಗೂ ಆಹುತಿಯಾಗಬಹುದಾಗಿದ್ದ ಹಾಳೆಗಳು ಹೀಗೆ ಉಳಿಯುತ್ತಿರುವುದು ಸಂತೋಷದ ಸಂಗತಿ. ಆದರೆ ಈ ಕಾರ್ಯದಲ್ಲಿ ಅತ್ಯಂತ ಸುಲಭವೆಂದು ನಾವು ಭಾವಿಸಿರುವ ಅಂಶವೇ ಅತ್ಯಂತ ಹೆಚ್ಚು ಮೋಸ ಮಾಡುತ್ತದೆ. ಆ ಅಂಶ ದಿನಾಂಕ. ಶಿಕ್ಷಕರೂ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಓದುವ ಈ ಸಂಚಿಕೆಯಲ್ಲಿ ಆ ಕುರಿತು ನಾಲ್ಕು ಮಾತುಗಳನ್ನು ಹೇಳುವುದು ಅಪ್ರಸ್ತುತವಾಗಲಾರದೆಂದು ನಂಬಿದ್ದೇನೆ.

ನನಗೆ ಪರಿಚಯವಿರುವ ಶಾಲೆಯೊಂದರಲ್ಲಿ ನಡೆದ ಸಂಗತಿ ಇದು. ಇಳಿವಯಸ್ಸಿನ ಹಳೆಯ ವಿದ್ಯಾರ್ಥಿಯೊಬ್ಬರು ಜನ್ಮದಿನಾಂಕದ ದೃಢೀಕರಣ ಬೇಕೆಂದು ಬಂದರು. ಪುಸ್ತಕದಲ್ಲಿ 5-8-1948 ಎಂದು ಮುದ್ದಾದ ಅಕ್ಷರಗಳಲ್ಲಿ ಬರೆದಿತ್ತು. ಯಂತ್ರ ಅಚ್ಚುಮಾಡಿ ಕೊಟ್ಟ ಪತ್ರದಲ್ಲಿ ಅದು ಮೇ 8 ಆಗಿತ್ತು! ಯಾರೂ ತಪ್ಪು ಅಂಕಿ ಒತ್ತಿರಲಿಲ್ಲ. ಆ ಯಂತ್ರ ಅಮೆರಿಕದ ಪದ್ಧತಿಯಂತೆ ಮೊದಲ ಅಂಕಿಯನ್ನು ತಿಂಗಳೆಂದು ಓದಿತ್ತು, ಅಷ್ಟೆ. ವಿಚಾರ ಮಾಡಿ ನೋಡಿದಾಗ ಇನ್ನೂ ದೊಡ್ಡ ಅನರ್ಥ ಕಂಡಿತು. 13ರಿಂದ ಮುಂದಿನ ದಿನಗಳನ್ನು ತಿಂಗಳೆಂದು ಓದಲು ಬಾರದೆ ಯಂತ್ರ ಅವುಗಳನ್ನು ಹಾಗೆಯೇ ಬಿಟ್ಟಿತ್ತು. 12ರೊಳಗಿನವನ್ನೆಲ್ಲ ಸದ್ದಿಲ್ಲದೆ ತಿರುವಿ ಹಾಕಿತ್ತು. ಪಟ್ಟಿಯ ಬಹುಭಾಗ ಸರಿಯಾಗಿಯೇ ಇದ್ದುದರಿಂದ ಉಳಿದ ಭಾಗದ ತಪ್ಪು ಯಾರ ಕಣ್ಣಿಗೂ ಬೀಳಲಿಲ್ಲ. ಆ ಹಿರಿಯರು ಎರಡು ಪತ್ರಗಳನ್ನು ಕೈಯಲ್ಲಿ ಹಿಡಿದು, ತಾವು ಹುಟ್ಟಿದ್ದು ಯಾವಾಗ ಎಂದು ಸಾಧಿಸಲು ತಿಂಗಳುಗಟ್ಟಲೆ ಅಲೆಯಬೇಕಾಯಿತು.

ಇಲ್ಲಿರುವ ತತ್ತ್ವ ಸರಳವಾದುದು. ಮನುಷ್ಯ ಬರೆಯುವುದು ಒಂದು ಬರವಣಿಗೆ. ಯಂತ್ರ ಇಟ್ಟುಕೊಳ್ಳುವುದು ಒಂದು ಎಣಿಕೆ. ಬಹುಪಾಲು ಗಣಕಯಂತ್ರಗಳು 1970ರ ಜನವರಿ 1ರಂದು ಗ್ರೀನ್‌ವಿಚ್ಚಿನ ನಡುರಾತ್ರಿಯಿಂದ, ಎಂದರೆ ನಮ್ಮಲ್ಲಿ ಬೆಳಗಿನ ಐದೂವರೆ ಗಂಟೆಯಿಂದ, ಕಳೆದ ಸೆಕೆಂಡುಗಳನ್ನು ಎಣಿಸುತ್ತವೆ. ಈ ಎಣಿಕೆಗೆ ಹಳೆಯ ಯಂತ್ರಗಳಲ್ಲಿ ಕೊಟ್ಟಿರುವ 32 ಬಿಟ್‌ಗಳ ಜಾಗ 2038ರ ಜನವರಿ 19ರಂದು ನಮ್ಮ ಗಡಿಯಾರದ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ತುಂಬಿಹೋಗುತ್ತದೆ. ಬರವಣಿಗೆಯಿಂದ ಎಣಿಕೆಗೂ ಎಣಿಕೆಯಿಂದ ಬರವಣಿಗೆಗೂ ದಾಟಿಸುವ ಕ್ರಮವಿಧಿಯನ್ನೇ ದಿನಾಂಕದ ರೂಪಾಂತರವೆನ್ನುತ್ತೇವೆ. ದಾಟುವಾಗ ‘ಇದು ಯಾವ ಲೆಕ್ಕದ ತಾರೀಖು?’ ಎಂದು ನಾವು ಹೇಳದಿದ್ದರೆ ಯಂತ್ರ ತಾನೇ ಊಹಿಸಿಕೊಳ್ಳುತ್ತದೆ. ಊಹಿಸಿದೆನೆಂದು ಅದು ನಮಗೆ ತಿಳಿಸುವುದಿಲ್ಲ. ಇಸವಿಯನ್ನು ಎರಡೇ ಅಂಕಿಗಳಲ್ಲಿ ಬರೆದರೆ ಬಹುಬಳಕೆಯ ಕೋಷ್ಟಕ ತಂತ್ರಾಂಶವೊಂದು 29ರವರೆಗಿನ ಅಂಕಿಗಳನ್ನು 2000ದ ನಂತರದವೆಂದು ಬಹುಕಾಲ ಭಾವಿಸುತ್ತಿತ್ತು. ಅದರ ಲೆಕ್ಕದಲ್ಲಿ ’28ರಲ್ಲಿ ಹುಟ್ಟಿದ ನಮ್ಮ ಹಿರಿಯರು ಇನ್ನೂ ಹುಟ್ಟಬೇಕಾಗಿದ್ದ ಮಕ್ಕಳಾಗಿಬಿಟ್ಟರು. 1900ಕ್ಕೆ ಹಿಂದಿನ ದಿನಗಳನ್ನಂತೂ ಆ ತಂತ್ರಾಂಶ ದಿನಾಂಕವೆಂದೇ ಒಪ್ಪುವುದಿಲ್ಲ.

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಸೀಮೆಯಲ್ಲಿ ಈ ಸಮಸ್ಯೆ ಇನ್ನಷ್ಟು ಜಟಿಲವಾಗಿದೆ. ಘಟ್ಟದ ಮೇಲಿನವರು ಚಾಂದ್ರಮಾನವನ್ನು ಅನುಸರಿಸಿದರೆ ನಮ್ಮ ಮನೆಗಳ ಜಾತಕ, ಕರಾರು, ಹರಕೆಯ ಲೆಕ್ಕಗಳಲ್ಲಿ ಸೌರಮಾನದ ಮೇಷ, ವೃಷಭ, ಸಿಂಹ ಮಾಸಗಳು ಬರುತ್ತವೆ. ಕುಂದಾಪ್ರ ಕನ್ನಡದ ಆಸಾಡಿಯೂ ಬ್ರಹ್ಮಾವರದ ಕಡೆಯ ತುಳುವಿನ ಆಟಿಯೂ ಕರ್ಕಾಟಕ ಮಾಸವೇ. ಹೆಸರಿನ ಹೋಲಿಕೆಯಿಂದ ಅದನ್ನು ಚಾಂದ್ರಮಾನದ ಆಷಾಢವೆಂದು ತಿಳಿದವನು ಹಲವು ದಿನಗಳಷ್ಟು ದಾರಿ ತಪ್ಪುತ್ತಾನೆ. ನಮ್ಮೆಲ್ಲರಿಗೂ ಪರಿಚಿತವಾದ ಬಸವ ಜಯಂತಿಯನ್ನೇ ನೋಡೋಣ. ಅದು ವೈಶಾಖ ಶುದ್ಧ ತದಿಗೆ. 2024ರಲ್ಲಿ ಮೇ 10ರಂದು ಬಂದದ್ದು 2025ರಲ್ಲಿ ಏಪ್ರಿಲ್ 30ಕ್ಕೆ ಬಂತು. ಒಂದು ಇಂಗ್ಲಿಷ್ ತಾರೀಖನ್ನು ಕಟ್ಟಿಕೊಟ್ಟು ಪ್ರತಿವರ್ಷ ಅದನ್ನೇ ನೆನಪಿಸು ಎಂದು ಯಂತ್ರಕ್ಕೆ ಹೇಳಿದರೆ ಸಾಲದು; ಪಂಚಾಂಗದ ಗಣಿತವನ್ನೇ ಅದಕ್ಕೆ ಕಲಿಸಬೇಕಾಗುತ್ತದೆ.

ಇನ್ನು ಬಾರಕೂರಿನ ಶಾಸನಗಳಿಂದ ಕೆಳದಿ ಅರಸರ ಕಾಲದ ದಾಖಲೆಗಳವರೆಗೆ ಕಾಣುವುದು ಶಕವರ್ಷ ಮತ್ತು ಸಂವತ್ಸರ. ಕಳೆದ ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಬರುತ್ತದೆಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಆದರೆ ಜನವರಿಯಿಂದ ಯುಗಾದಿಯವರೆಗಿನ ದಿನಗಳಿಗೆ 79 ಕೂಡಿಸಬೇಕು. ನಡೆಯುತ್ತಿರುವ ವರ್ಷವನ್ನು ಲೆಕ್ಕಕ್ಕೆ ಹಿಡಿದ ಬರಹಗಳಲ್ಲಿ ಮತ್ತೊಂದು ವರ್ಷದ ವ್ಯತ್ಯಾಸ ಬೀಳುತ್ತದೆ. ಶಕವಿಲ್ಲದೆ ‘ವಿಕೃತಿ ಸಂವತ್ಸರ’ ಎಂದಷ್ಟೇ ಇದ್ದರೆ ಅದು 1890-91 ಆಗಿರಬಹುದು, 1950-51 ಆಗಿರಬಹುದು, 2010-11ಕ್ಕೂ ಅದೇ ಹೆಸರು. ಅರುವತ್ತು ವರ್ಷಗಳ ಈ ಚಕ್ರದಲ್ಲಿ ತಾತನೂ ಮೊಮ್ಮಗನೂ ಒಂದೇ ಸಂವತ್ಸರದಲ್ಲಿ ಹುಟ್ಟಿರುವುದು ಅಪರೂಪವೇನಲ್ಲ.

ತಾರೀಖಿನಂತೆಯೇ ಹೊತ್ತು ಕೂಡ. ಪಂಚಾಂಗದ ದಿನ ಸೂರ್ಯೋದಯದಿಂದ ಆರಂಭವಾಗುತ್ತದೆ. ಯಂತ್ರದ ದಿನ ನಡುರಾತ್ರಿಯಿಂದ. ಮಂಗಳವಾರ ನಸುಕಿನ ಎರಡು ಗಂಟೆಗೆ ಹುಟ್ಟಿದ ಮಗು ಜಾತಕದಲ್ಲಿ ಸೋಮವಾರದ್ದು. ದಿನಕ್ಕೆ ಅರುವತ್ತು ಗಳಿಗೆ, ಗಳಿಗೆಗೆ 24 ನಿಮಿಷ ಎಂಬ ಗುಣಾಕಾರ ಸುಲಭ. ಆದರೆ ಅಂದಿನ ಸೂರ್ಯೋದಯ ಗೊತ್ತಿಲ್ಲದೆ ಆ ಗುಣಾಕಾರ ನಿಷ್ಪ್ರಯೋಜಕ. ಗಡಿಯಾರವಾದರೂ ಸದಾ ಒಂದೇ ಆಗಿತ್ತೆ? 1862ರಲ್ಲಿ ಉತ್ತರ ಕನ್ನಡ ಮುಂಬಯಿ ಆಧಿಪತ್ಯಕ್ಕೆ ಸೇರಿದಾಗ ಬೈಂದೂರನ್ನೊಳಗೊಂಡ ಕುಂದಾಪುರ ತಾಲ್ಲೂಕು ದಕ್ಷಿಣ ಕನ್ನಡದೊಂದಿಗೆ ಮದರಾಸಿನಲ್ಲಿ ಉಳಿಯಿತು. ಮದರಾಸಿನ ಸಮಯಕ್ಕೂ ಮುಂಬಯಿಯ ಸಮಯಕ್ಕೂ ಆಗ ಸುಮಾರು ಅರ್ಧ ಗಂಟೆಯ ಅಂತರ. ಆದುದರಿಂದ ಶಿರೂರಿನ ಗಡಿಯ ಆಚೆ ಈಚೆಯ ಆ ಕಾಲದ ಕಾಗದಗಳಲ್ಲಿ ಗಂಟೆಯನ್ನು ಓದುವಾಗಲೂ ಅದು ಯಾವ ಊರಿನ ಸಮಯವೆಂದು ಕೇಳಬೇಕು. 1906ರ ಜನವರಿ 1ರಿಂದ ಭಾರತೀಯ ಪ್ರಮಾಣ ಸಮಯ ಜಾರಿಗೆ ಬಂತು. ಎರಡನೆಯ ಮಹಾಯುದ್ಧದಲ್ಲಿ, 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರ್ ಮಧ್ಯದವರೆಗೆ, ದೇಶದ ಗಡಿಯಾರಗಳನ್ನು ಒಂದು ಗಂಟೆ ಮುಂದಿಡಲಾಗಿತ್ತು. 1943ರಲ್ಲಿ ಹುಟ್ಟಿದವರ ಜನನ ಸಮಯವನ್ನು ಇಂದಿನ ಸಮಯದಂತೆ ಎಣಿಸುವ ಜಾತಕ ತಂತ್ರಾಂಶ ಲಗ್ನವನ್ನೇ ಬದಲಿಸಿಬಿಡಬಹುದು.

ಹಾಗಾದರೆ ಎಲ್ಲವನ್ನೂ ಒಂದೇ ಪದ್ಧತಿಗೆ ತಂದು ಹಳೆಯದನ್ನು ಬಿಟ್ಟುಬಿಡಬಾರದೇಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸಾಧುವಾದುದೇ. ಮೇಘನಾದ ಸಹಾ ಅವರ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನಂತೆ 1957ರ ಮಾರ್ಚ್ 22ರಂದು, ಶಕ 1879ರ ಚೈತ್ರ 1ರಂದು, ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂತು. ಅಷ್ಟು ವಿದ್ವತ್ಪೂರ್ಣವಾದ ಆ ಪಂಚಾಂಗವೂ ನಮ್ಮ ಮನೆಗಳಲ್ಲಿ ಬಿಸುವನ್ನಾಗಲಿ ಆಸಾಡಿಯನ್ನಾಗಲಿ ಕದಲಿಸಲಿಲ್ಲ. ಜನ ಬಿಡದಿರುವ ಲೆಕ್ಕಗಳನ್ನು ಯಂತ್ರ ಕಲಿಯಬೇಕೇ ಹೊರತು, ಯಂತ್ರಕ್ಕೆ ಬಾರದೆಂಬ ಕಾರಣಕ್ಕೆ ದಾಖಲೆ ತನ್ನ ಮಾತನ್ನು ಬದಲಿಸಬಾರದು.

ಆದುದರಿಂದ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಬಯಸುತ್ತೇನೆ. ಮೊದಲನೆಯದಾಗಿ, ಪುಸ್ತಕದಲ್ಲಿ ಹೇಗಿದೆಯೋ ಹಾಗೆಯೇ, ಅಕ್ಷರಶಃ, ಒಂದು ಅಂಕಣದಲ್ಲಿ ಬರೆದಿಡಬೇಕು. ಅದನ್ನು ಯಾರೂ ಎಂದೂ ತಿದ್ದಕೂಡದು. ಎರಡನೆಯದಾಗಿ, ಪಕ್ಕದ ಅಂಕಣದಲ್ಲಿ ರೂಪಾಂತರಿಸಿದ ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ, 1948-08-05 ಎಂಬಂತೆ ಬರೆಯಬೇಕು. 1988ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಈ ಕ್ರಮವನ್ನು ತಪ್ಪಾಗಿ ಓದುವ ಸಂಭವ ಬಹಳ ಕಡಿಮೆ. ಅಂಕಿಗಳ ಕ್ರಮದಲ್ಲಿ ಜೋಡಿಸಿದರೆ ಕಾಲದ ಕ್ರಮವೂ ತಾನಾಗಿ ಬರುತ್ತದೆ. ಮೂರನೆಯದಾಗಿ, ಯಾವ ಲೆಕ್ಕದಿಂದ ದಾಟಿಸಿದೆವೆಂಬುದನ್ನೂ ಎಷ್ಟು ಖಚಿತವೆಂಬುದನ್ನೂ ನಮೂದಿಸಬೇಕು. ಸಂವತ್ಸರ ಮಾತ್ರ ತಿಳಿದಿದ್ದರೆ ದಿನದ ಜಾಗ ಖಾಲಿಯಿರಲಿ. ಯಂತ್ರದ ಒತ್ತಾಯಕ್ಕೆ ಜನವರಿ 1 ಎಂದು ತುಂಬುವುದು ಸುಳ್ಳು ಬರೆದಂತೆ. ಹಿಂದೆ ತಾರೀಖು ತಿಳಿಯದ ಮಕ್ಕಳಿಗೆ ಉಪಾಧ್ಯಾಯರು ಅಂದಾಜಿನ ಜನ್ಮದಿನ ಬರೆದುಕೊಳ್ಳುತ್ತಿದ್ದುದು ಎಲ್ಲರೂ ಬಲ್ಲ ಸಂಗತಿ. ಮನೆಯ ಜಾತಕದಲ್ಲಿ ಬೇರೆ ದಿನ ಕಂಡರೂ ಶಾಲೆಯ ಪುಸ್ತಕವನ್ನು ಅದಕ್ಕೆ ತಕ್ಕಂತೆ ತಿದ್ದುವ ಅಧಿಕಾರ ರೂಪಾಂತರ ಮಾಡುವವನಿಗಿಲ್ಲ.

ಇದರಿಂದ ಕೆಲಸ ಇಮ್ಮಡಿಯಾಗುತ್ತದೆ, ನಿಜ. ಆದರೆ ಎರಡು ಅಂಕಣಗಳಿದ್ದಲ್ಲಿ ಇಂದು ನಾವು ಮಾಡಿದ ತಪ್ಪನ್ನು ನಾಳೆ ಬರುವವರು ಕಂಡುಹಿಡಿಯಬಲ್ಲರು. ಒಂದೇ ಇದ್ದರೆ ತಪ್ಪೇ ದಾಖಲೆಯಾಗಿ ಉಳಿಯುತ್ತದೆ.

ಶಿಕ್ಷಕರಲ್ಲಿ ನನ್ನ ವಿನಂತಿಯೊಂದಿದೆ. ಗಣಕಯಂತ್ರದ ಪಾಠದಲ್ಲಿ ಮಕ್ಕಳು ತಮ್ಮ ಅಜ್ಜಿಯ ಜನ್ಮದಿನವನ್ನು ಮನೆಯವರು ಹೇಳಿದಂತೆ ಬರೆದುತಂದು, ಅದನ್ನು ಇಂಗ್ಲಿಷ್ ತಾರೀಖಿಗೆ ದಾಟಿಸುವ ಕ್ರಮವಿಧಿಯನ್ನು ತಾವೇ ರಚಿಸಲಿ. ಗಣಿತ, ಚರಿತ್ರೆ, ಖಗೋಳಗಳು ಆ ಒಂದು ಪಾಠದಲ್ಲಿ ಸೇರುತ್ತವೆ. ದಾನಿಗಳಲ್ಲಿಯೂ ಒಂದು ಮಾತು: ಯಂತ್ರಗಳನ್ನು ನೀವು ಉದಾರವಾಗಿ ಕೊಟ್ಟಿದ್ದೀರಿ. ಹಳೆಯ ಪುಸ್ತಕವನ್ನು ಒಂದು ಕೈಯಲ್ಲಿ ಹಿಡಿದು, ಯಂತ್ರದ ಪರದೆಯೊಡನೆ ಸಾಲುಸಾಲಾಗಿ ತಾಳೆ ನೋಡುವ ಒಬ್ಬ ವ್ಯಕ್ತಿಯ ಸಂಬಳಕ್ಕೂ ದಾರಿ ಮಾಡಿಕೊಡಿ. ಆ ಕೆಲಸಕ್ಕೆ ಹೆಸರು ಕೆತ್ತಿಸುವ ಕಲ್ಲು ಸಿಗಲಾರದು. ಆದರೆ ತಾನು ಹುಟ್ಟಿದ ದಿನ ಯಾವುದೆಂದು ಸಾಧಿಸಲು ಮುಪ್ಪಿನಲ್ಲಿ ಒಬ್ಬ ಹಳೆಯ ವಿದ್ಯಾರ್ಥಿ ಅಲೆಯುವುದು ತಪ್ಪೀತು.