ಫೈರ್‌ವಾಲ್ ಕೇಳುವುದೊಂದು, ನಾವು ಉತ್ತರಿಸುವುದು ಇನ್ನೊಂದು

ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿಗೆ ಊರಿಂದ ಹೊಸದಾಗಿ ಬಂದು ಸಂಸಾರ ಹೂಡಿದವರು ಮೊದಲ ವಾರದಲ್ಲೇ ಕೇಳುವ ಪ್ರಶ್ನೆ ಇದು: ‘ವಾಟ್ಸ್‌ಆ್ಯಪ್‌ನಲ್ಲಿ ಮೆಸೇಜ್ ಹೋಗುತ್ತದೆ, ಫೋಟೊ ಹೋಗುತ್ತದೆ, ಕಾಲ್ ಮಾತ್ರ ಹೋಗುವುದಿಲ್ಲ. ಲ್ಯಾಪ್‌ಟಾಪಿನ ಫೈರ್‌ವಾಲ್ ಆಫ್ ಮಾಡಿ ನೋಡಲಾ?’

ನೋಡಬೇಡಿ. ಕಾಲ್ ಹೋಗುವುದಿಲ್ಲ, ಲ್ಯಾಪ್‌ಟಾಪ್ ಮಾತ್ರ ಬಯಲಾಗುತ್ತದೆ.

ಯಾಕೆ ಅಂದರೆ, ನಮ್ಮ ಕಂಪ್ಯೂಟರಿನೊಳಗಿರುವ ಫೈರ್‌ವಾಲ್ ಬಹುಮಟ್ಟಿಗೆ ಪ್ರೋಗ್ರಾಂ ನೋಡಿ ತೀರ್ಮಾನ ಮಾಡುವಂಥದ್ದು. ಅದು ವಾಟ್ಸ್‌ಆ್ಯಪನ್ನು ತಡೆದಿದ್ದರೆ ಮೆಸೇಜೂ ಹೋಗುತ್ತಿರಲಿಲ್ಲ. ಒಂದೇ ಪ್ರೋಗ್ರಾಮಿನಲ್ಲಿ ಅಕ್ಷರ ದಾಟಿ ಧ್ವನಿ ನಿಂತಿದೆ ಎಂದರೆ ತಡೆದವರು ಬೇರೆ ಯಾರೋ, ಬೇರೆ ಎಲ್ಲೋ. ಯುಎಇಯಲ್ಲಿ ಇಂಟರ್‌ನೆಟ್ ಮೂಲಕ ಫೋನ್ ಕರೆ ಎನ್ನುವುದು ಲೈಸೆನ್ಸ್ ಬೇಕಾದ ಸೇವೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟಿಡಿಆರ್‌ಎ ಹಾಕಿದ ನಿಯಮವನ್ನು ಇ& (ಹಿಂದಿನ ಎತಿಸಲಾತ್) ಮತ್ತು ಡು ತಮ್ಮ ಜಾಲದಲ್ಲೇ ಜಾರಿ ಮಾಡುತ್ತವೆ. ಅದಕ್ಕೇ ಇಲ್ಲಿ ಬೋಟಿಮ್‌ನಂಥ ಅನುಮತಿ ಪಡೆದ ಆ್ಯಪ್‌ಗಳ ಬಳಕೆ ಇಷ್ಟೊಂದು. 2020ರಲ್ಲಿ ಕೋವಿಡ್ ಬಂದು ಮನೆಯೇ ಶಾಲೆ, ಮನೆಯೇ ಆಫೀಸು ಆದಾಗ ಝೂಮ್, ಮೈಕ್ರೋಸಾಫ್ಟ್ ಟೀಮ್ಸ್‌ಗಳಿಗೂ ದಾರಿ ಬಿಟ್ಟರು.

ಇಲ್ಲೇ ಇನ್ನೊಂದು ಮಾತು ಹೇಳಿಬಿಡಬೇಕು. 2023ರಲ್ಲಿ ರೀಮ್ ಐಲ್ಯಾಂಡ್ ಎಡಿಜಿಎಂ ಎಂಬ ಹಣಕಾಸು ವಲಯದ ವ್ಯಾಪ್ತಿಗೆ ಸೇರಿತು. ವ್ಯಾಪಾರ, ಬಾಡಿಗೆ, ಒಪ್ಪಂದದ ವಿಷಯಗಳಿಗೆ ಅಲ್ಲಿನ ಪ್ರತ್ಯೇಕ ಕಾನೂನು ಅನ್ವಯಿಸುತ್ತದೆ, ನಿಜ. ‘ಹಾಗಾದರೆ ಇಂಟರ್‌ನೆಟ್ ವಿಷಯದಲ್ಲೂ ನಮಗೆ ರಿಯಾಯಿತಿ’ ಎಂದುಕೊಂಡವರಿದ್ದರೆ ಅದು ತಪ್ಪು. ಅಪರಾಧ ಕಾನೂನು ಇಡೀ ದೇಶಕ್ಕೆ ಒಂದೇ. ಇಂಥ ತಡೆಯನ್ನು ಸುತ್ತಿಹೋಗಲು ಜನ ಹಾಕಿಕೊಳ್ಳುವ ವಿಪಿಎನ್ ಇಟ್ಟುಕೊಂಡದ್ದೇ ಅಪರಾಧವಲ್ಲ. ಆದರೆ ಅಪರಾಧ ಎಸಗಲೆಂದೋ ಮುಚ್ಚಲೆಂದೋ ಐಪಿ ವಿಳಾಸ ಮರೆಮಾಚಿದರೆ 2021ರ ಫೆಡರಲ್ ಸೈಬರ್ ಅಪರಾಧ ಕಾನೂನಿನಡಿ 5 ಲಕ್ಷದಿಂದ 20 ಲಕ್ಷ ದಿರ್ಹಾಮ್ ದಂಡಕ್ಕೆ, ಜೈಲಿಗೂ ಅವಕಾಶವಿದೆ. ಕಾಲ್ ಹೋಗಲಿಲ್ಲವೆಂದು ಯಾರೋ ಕಳಿಸಿದ ಬಿಟ್ಟಿ ವಿಪಿಎನ್ ಇನ್‌ಸ್ಟಾಲ್ ಮಾಡುವ ಮೊದಲು ಇದು ನೆನಪಿರಲಿ.

ಈಗ ನಮ್ಮದೇ ಫೈರ್‌ವಾಲ್‌ಗೆ ಬರೋಣ. ರೀಮ್‌ನ ಯಾವುದೇ ಟವರಿನ ಲಾಬಿಯಲ್ಲಿ ಒಬ್ಬ ಸೆಕ್ಯೂರಿಟಿ ಇರುತ್ತಾನೆ. ಮನೆಯವರು ಹೊರಗೆ ಹೋಗುವಾಗ ಅವನು ಎಲ್ಲಿಗೆ ಎಂದು ಕೇಳುವುದಿಲ್ಲ. ಹೊರಗಿನವರು ಬಂದರೆ ಯಾವ ಫ್ಲ್ಯಾಟ್, ಯಾರು ಕರೆದದ್ದು ಎಂದು ವಿಚಾರಿಸುತ್ತಾನೆ. ನೀವೇ ಆರ್ಡರ್ ಮಾಡಿದ ಊಟ ತಂದವನನ್ನು ಬಿಡುತ್ತಾನೆ. ಕರೆಯದೆ ಬಂದವನನ್ನು ಅಲ್ಲೇ ನಿಲ್ಲಿಸುತ್ತಾನೆ. ವಿಂಡೋಸ್ ಫೈರ್‌ವಾಲಿನ ಮೂಲ ಏರ್ಪಾಡೂ ಇಷ್ಟೇ: ಹೊರಗೆ ಹೋಗುವುದಕ್ಕೆ ಅಡ್ಡಿಯಿಲ್ಲ, ಹೋದದ್ದಕ್ಕೆ ಬರುವ ಉತ್ತರಕ್ಕೂ ಅಡ್ಡಿಯಿಲ್ಲ, ಕರೆಯದೆ ಬರುವುದಕ್ಕೆ ಮಾತ್ರ ತಡೆ.

ಇದು ಗೊತ್ತಾದರೆ ಅರ್ಧ ಗೊಂದಲ ಕಳೆಯಿತು. ಬ್ರೌಸರ್, ಇಮೇಲ್, ಯೂಟ್ಯೂಬ್, ಬ್ಯಾಂಕಿನ ವೆಬ್‌ಸೈಟ್, ಮಕ್ಕಳ ಆನ್‌ಲೈನ್ ಕನ್ನಡ ಪಾಠ – ಯಾವುದಕ್ಕೂ ನೀವು ಫೈರ್‌ವಾಲಿನಲ್ಲಿ ಟಿಕ್ ಹಾಕಬೇಕಾಗಿಲ್ಲ. ಇವೆಲ್ಲ ಒಳಗಿಂದ ಹೊರಗೆ ಹೋಗುವಂಥವು. ‘ಇಂಟರ್‌ನೆಟ್ ಬರುತ್ತಿಲ್ಲ, ಫೈರ್‌ವಾಲ್ ತೆಗೆಯಿರಿ’ ಎನ್ನುವ ಸಲಹೆ ನೂರಕ್ಕೆ ತೊಂಬತ್ತು ಸಲ ಕತ್ತಲಲ್ಲಿ ಎಸೆದ ಕಲ್ಲು.

ಹಾಗಾದರೆ ಆಗಾಗ ಪರದೆ ಮೇಲೆ ಎದ್ದು ಬರುವ ಆ ಪೆಟ್ಟಿಗೆ? ‘ಈ ಆ್ಯಪಿನ ಕೆಲವು ಸೌಲಭ್ಯಗಳನ್ನು ಫೈರ್‌ವಾಲ್ ತಡೆದಿದೆ’ ಎಂದು ಇಂಗ್ಲಿಷಿನಲ್ಲಿ ಹೇಳಿ, ಪ್ರೈವೇಟ್, ಪಬ್ಲಿಕ್ ಎಂಬ ಎರಡು ಚೌಕ, ಕೆಳಗೆ ಅನುಮತಿಸುವ ಒಂದು ಗುಂಡಿ, ಕ್ಯಾನ್ಸಲ್ ಎಂಬ ಇನ್ನೊಂದು ಗುಂಡಿ ತೋರಿಸುತ್ತದಲ್ಲ, ಅದು. ಅದನ್ನು ಬಹಳ ಜನ ‘ಈ ಪ್ರೋಗ್ರಾಂ ಇಂಟರ್‌ನೆಟ್‌ಗೆ ಹೋಗಲೇ?’ ಎಂಬ ಪ್ರಶ್ನೆಯೆಂದೇ ಓದುತ್ತಾರೆ. ಅದು ಕೇಳುತ್ತಿರುವುದು ಬೇರೆ: ‘ಹೊರಗಿನವರು ಈ ಪ್ರೋಗ್ರಾಮಿನ ಬಾಗಿಲು ತಟ್ಟಲು ಬಿಡಲೇ?’

ಮೈಕ್ರೋಸಾಫ್ಟ್ ಟೀಮ್ಸ್ ಇದಕ್ಕೆ ಒಳ್ಳೆಯ ನಿದರ್ಶನ. ಅದರ ಹಳೆಯ ಆವೃತ್ತಿಯಲ್ಲಿ ಮೊದಲ ಕರೆ ಮಾಡಿದೊಡನೆ ಈ ಪೆಟ್ಟಿಗೆ ಬರುತ್ತಿತ್ತು. ಕ್ಯಾನ್ಸಲ್ ಒತ್ತಿದರೂ ಕರೆ ಸಾಗುತ್ತಿತ್ತು. ಒಂದೇ ಜಾಲದಲ್ಲಿರುವ ಎರಡು ಕಂಪ್ಯೂಟರ್‌ಗಳು ನೇರವಾಗಿ ಮಾತಾಡಿಕೊಳ್ಳಲು ಅದಕ್ಕೆ ಒಳಬಾಗಿಲು ಬೇಕಿತ್ತು. ಸಿಗದಿದ್ದರೆ ಹೊರಗಿನ ಸರ್ವರ್ ಸುತ್ತಿಕೊಂಡು ಬರುತ್ತಿತ್ತು. ಈ ಎಚ್ಚರಿಕೆಯನ್ನು ಕಡೆಗಣಿಸಬಹುದು, ಕರೆ ನಡೆಯುತ್ತದೆ ಎಂದು ಮೈಕ್ರೋಸಾಫ್ಟೇ ತನ್ನ ದಾಖಲೆಯಲ್ಲಿ ಬರೆದಿತ್ತು. ಆದರೆ ಅದರಲ್ಲೇ ಇನ್ನೊಂದು ಸಂಗತಿಯೂ ಇತ್ತು, ಅದು ಹೆಚ್ಚು ಮುಖ್ಯ: ಕ್ಯಾನ್ಸಲ್ ಎಂದರೆ ‘ಆಮೇಲೆ ನೋಡೋಣ’ ಅಲ್ಲ. ಅದನ್ನು ಒತ್ತಿದ ಕ್ಷಣ ಆ ಪ್ರೋಗ್ರಾಮಿನ ಹೆಸರಿನಲ್ಲಿ ಎರಡು ತಡೆ ನಿಯಮಗಳು ಸದ್ದಿಲ್ಲದೆ ದಾಖಲಾಗುತ್ತವೆ. ಮುಂದೆ ಆ ಪ್ರಶ್ನೆ ಮತ್ತೆ ಬರುವುದಿಲ್ಲ. ವಿಂಡೋಸ್‌ನಲ್ಲಿ ‘ಬಿಡು’ ಮತ್ತು ‘ತಡೆ’ ಎಂಬ ಎರಡು ನಿಯಮ ಎದುರುಬದುರಾದರೆ ಗೆಲ್ಲುವುದು ‘ತಡೆ’. ‘ಎಷ್ಟು ಸಲ ಅನುಮತಿ ಕೊಟ್ಟರೂ ಕೆಲಸ ಮಾಡುತ್ತಿಲ್ಲ’ ಎಂಬ ಗೋಳಿನ ಹಿಂದೆ ಬಹಳ ಸಲ ಇಂಥ ಹಳೆಯ ಕ್ಯಾನ್ಸಲ್ ಒಂದು ಕುಳಿತಿರುತ್ತದೆ. ಹೊಸ ಅನುಮತಿ ಸೇರಿಸುವ ಬದಲು ಹಳೆಯ ತಡೆಯನ್ನು ಹುಡುಕಿ ಅಳಿಸಬೇಕು.

ನಿಜವಾಗಿಯೂ ಒಳಬಾಗಿಲು ತೆರೆಯಬೇಕಾದ ಸಂದರ್ಭವನ್ನು ನೋಡಬೇಕಾದರೆ ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರ್ ಬಳಸುವ ಆಫೀಸಿಗೆ ಹೋಗಬೇಕು. ಟ್ಯಾಲಿ ನಮ್ಮ ಬೆಂಗಳೂರಿನ ಕಂಪನಿ, 1986ರಲ್ಲಿ ಶುರುವಾದದ್ದು. ಯುಎಇಯಲ್ಲಿ 2018ರ ಜನವರಿ 1ರಿಂದ ಶೇ 5ರ ವ್ಯಾಟ್ ಬಂದ ಮೇಲೆ ಸಣ್ಣಪುಟ್ಟ ಟ್ರೇಡಿಂಗ್ ಕಂಪನಿಗಳಿಗೂ ಲೆಕ್ಕದ ಸಾಫ್ಟ್‌ವೇರ್ ಬೇಕೇಬೇಕಾಯಿತು. ರೀಮ್‌ನಲ್ಲಿ ಮನೆ, ಮುಸಫ್ಫಾದಲ್ಲಿ ಕೆಲಸ ಎನ್ನುವ ಅಕೌಂಟೆಂಟ್ ಒಬ್ಬರನ್ನು ಊಹಿಸಿಕೊಳ್ಳಿ. ಆಫೀಸಿನಲ್ಲಿ ಹಲವರು ಒಟ್ಟಿಗೆ ಬಳಸುವ ಗೋಲ್ಡ್ ಲೈಸೆನ್ಸ್ ಇದೆ. ಲೈಸೆನ್ಸ್ ಇರುವುದು ಒಂದು ಕಂಪ್ಯೂಟರಿನಲ್ಲಿ. ಉಳಿದವು ಅದನ್ನು ಕೇಳಿಕೊಂಡು ಕೆಲಸ ಶುರುಮಾಡುತ್ತವೆ. ಹಾಗೆ ಕೇಳುವುದು 9999 ಎಂಬ ಪೋರ್ಟಿನಲ್ಲಿ. ಪೋರ್ಟ್ ಎಂದರೆ ಕಂಪ್ಯೂಟರಿನ ಬಾಗಿಲ ಸಂಖ್ಯೆ, ಒಟ್ಟು 65 ಸಾವಿರಕ್ಕೂ ಮಿಕ್ಕಿ ಇವೆ.

ಒಂದು ದಿನ ರೂಟರ್ ಬದಲಾಯಿಸುತ್ತಾರೆ. ಮರುದಿನ ಎರಡನೇ ಕಂಪ್ಯೂಟರಿನಲ್ಲಿ ಟ್ಯಾಲಿ ತೆರೆದರೆ ‘ಎಜುಕೇಷನಲ್ ಮೋಡ್’ ಎನ್ನುತ್ತದೆ. ಆ ಮೋಡಿನಲ್ಲಿ ತಿಂಗಳ 1, 2 ಮತ್ತು 31ನೇ ತಾರೀಖು ಬಿಟ್ಟು ಬೇರೆ ದಿನದ ವೋಚರ್ ಹಾಕಲು ಬಿಡುವುದಿಲ್ಲ. ತೆರಿಗೆ ಅವಧಿ ಮುಗಿದ 28 ದಿನದೊಳಗೆ ವ್ಯಾಟ್ ರಿಟರ್ನ್ ಹೋಗಬೇಕು. ತಲೆಬಿಸಿ ಆಗದೆ ಇರುತ್ತದೆಯೇ?

ಆಗಿರುವುದು ಇಷ್ಟು. ಹೊಸ ರೂಟರ್ ಬಂದಾಗ ಲೈಸೆನ್ಸ್ ಇರುವ ಕಂಪ್ಯೂಟರಿನ ವಿಂಡೋಸ್ ಅದನ್ನು ಹೊಸ ಜಾಲವೆಂದು ತಿಳಿದು ‘ಪಬ್ಲಿಕ್’ ಎಂದು ಹಣೆಪಟ್ಟಿ ಹಚ್ಚಿತು. ಟ್ಯಾಲಿಗೆ ಹಿಂದೆ ಕೊಟ್ಟ ಅನುಮತಿ ‘ಪ್ರೈವೇಟ್’ ಜಾಲಕ್ಕೆ ಮಾತ್ರ ಇತ್ತು. ಅನುಮತಿ ಅಳಿದಿಲ್ಲ, ಲೆಕ್ಕಕ್ಕೆ ಬರುತ್ತಿಲ್ಲ ಅಷ್ಟೆ. ಅದೇ ಕಂಪ್ಯೂಟರಿನ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ವಿಭಾಗಕ್ಕೆ ಹೋಗಿ ಆ ಜಾಲವನ್ನು ಪ್ರೈವೇಟ್ ಮಾಡಿದರೆ ಮುಗಿಯಿತು.

ಅನುಮತಿಯೇ ಇಲ್ಲದಿದ್ದರೆ ಲೈಸೆನ್ಸ್ ಇರುವ ಕಂಪ್ಯೂಟರಿನಲ್ಲಿ ಫೈರ್‌ವಾಲಿನ ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್ ತೆರೆದು, ಇನ್‌ಬೌಂಡ್ ರೂಲ್ಸ್‌ನಲ್ಲಿ ಹೊಸ ನಿಯಮ ಬರೆಯಬೇಕು: ಪೋರ್ಟ್, ಟಿಸಿಪಿ, 9999, ಅಲೋ. ಯಾವ ಜಾಲಕ್ಕೆ ಎಂದು ಕೇಳಿದಾಗ ಪಬ್ಲಿಕ್ ಮೇಲಿನ ಟಿಕ್ ತೆಗೆಯಿರಿ. ಆಮೇಲೆ ಆ ನಿಯಮವನ್ನೇ ತೆರೆದು, ಸ್ಕೋಪ್ ಎಂಬಲ್ಲಿ ‘ಲೋಕಲ್ ಸಬ್‌ನೆಟ್’ ಎಂದು ಸೂಚಿಸಿದರೆ ಆಫೀಸಿನೊಳಗಿನ ಕಂಪ್ಯೂಟರ್‌ಗಳಿಗಷ್ಟೇ ಬಾಗಿಲು ತೆರೆಯುತ್ತದೆ. ಹೆಸರು ಕೊಡುವಾಗ ‘ಟ್ಯಾಲಿ 9999’ ಎಂದೇ ಬರೆಯಿರಿ. ‘ನ್ಯೂ ರೂಲ್ 1’ ಎಂದು ಬರೆದರೆ ಎರಡು ವರ್ಷ ಬಿಟ್ಟು ಅದನ್ನು ಯಾಕೆ ಹಾಕಿದ್ದು ಎಂದು ಯಾರಿಗೂ ತಿಳಿಯುವುದಿಲ್ಲ. ಲೈಸೆನ್ಸ್ ಸಿಕ್ಕಿದರೂ ಕಂಪನಿಗಳ ಪಟ್ಟಿ ಕಾಣಿಸದಿದ್ದರೆ ತೊಂದರೆ 9999ರದ್ದಲ್ಲ; ಡೇಟಾ ಫೋಲ್ಡರ್ ಹಂಚಿಕೆಯದು. ಅದು 445ನೇ ಬಾಗಿಲಿನ ವ್ಯವಹಾರ.

ಐದು ನಿಮಿಷದ ಕೆಲಸ. ಇದರ ಬದಲು ಫೈರ್‌ವಾಲನ್ನೇ ಆಫ್ ಮಾಡಿ, ‘ಈಗ ನೋಡಿ ಸಾರ್, ಓಡುತ್ತಿದೆ’ ಎಂದು ದುಡ್ಡು ಎಣಿಸಿಕೊಂಡು ಹೋಗುವವರಿದ್ದಾರೆ. ಓಡುತ್ತದೆ, ಸುಳ್ಳಲ್ಲ. ಆದರೆ ಆ 445 ಇದೆಯಲ್ಲ, 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಹಣ ಸುಲಿಯುವ ವೈರಸ್ ಲೋಕವೆಲ್ಲ ಹರಡಿದ್ದು ಅದೇ ಬಾಗಿಲಿನಿಂದ. ಒಂದು ಕಂಪ್ಯೂಟರಿಗೆ ತಗುಲಿದರೆ ಅದೇ ಆಫೀಸಿನ ಉಳಿದವಕ್ಕೆ ತಾನೇ ಹಬ್ಬುತ್ತಿತ್ತು. ‘ರೂಟರ್ ಇದೆಯಲ್ಲ, ಕಂಪ್ಯೂಟರಿಗೆ ಬೇರೆ ಫೈರ್‌ವಾಲ್ ಯಾಕೆ’ ಎನ್ನುವವರಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಡ. ಪಕ್ಕದ ಕಂಪ್ಯೂಟರಿನಿಂದ ಬರುವುದನ್ನು ರೂಟರ್ ತಡೆಯುವುದಿಲ್ಲ.

ಹಿಂದೆ ಇದಕ್ಕಿಂತ ಕಷ್ಟವಿತ್ತು. 2003ರ ಆಗಸ್ಟ್‌ನಲ್ಲಿ ಬ್ಲಾಸ್ಟರ್ ಎಂಬ ಹುಳು ಬಂದಾಗ, ಅಪ್‌ಡೇಟ್ ಆಗದ ವಿಂಡೋಸ್ ಎಕ್ಸ್‌ಪಿಯನ್ನು ಇಂಟರ್‌ನೆಟ್‌ಗೆ ಜೋಡಿಸಿದರೆ ಸಾಕಿತ್ತು, ಹುಳು ತಗುಲುತ್ತಿತ್ತು; ಯಾವ ಗುಂಡಿಯನ್ನೂ ಒತ್ತಬೇಕಾಗಿರಲಿಲ್ಲ. ಎಕ್ಸ್‌ಪಿಯಲ್ಲಿ ಫೈರ್‌ವಾಲ್ ಇತ್ತು, ಆದರೆ ಆಫ್ ಆಗಿಯೇ ಬರುತ್ತಿತ್ತು. 2004ರ ಆಗಸ್ಟ್‌ನ ಸರ್ವೀಸ್ ಪ್ಯಾಕ್ 2ರಿಂದ ಆನ್ ಆಗಿ ಬರತೊಡಗಿತು. ಆ ಕಾಲದಲ್ಲೇ ಝೋನ್‌ಅಲಾರ್ಮ್‌ನಂಥ ಬಿಟ್ಟಿ ಫೈರ್‌ವಾಲ್‌ಗಳು ಜನಪ್ರಿಯವಾಗಿದ್ದವು. ಅವು ಹೊರಗೆ ಹೋಗುವ ಪ್ರತಿಯೊಂದಕ್ಕೂ ಅಪ್ಪಣೆ ಕೇಳುತ್ತಿದ್ದವು. ಮೊದಲ ದಿನ ಎಲ್ಲವನ್ನೂ ಓದಿ ಉತ್ತರಿಸಿದವರು ಮೂರನೇ ದಿನಕ್ಕೆ ಕಣ್ಣುಮುಚ್ಚಿ ‘ಅಲೋ’ ಒತ್ತುತ್ತಿದ್ದರು. ಸಾಮಾನ್ಯ ಬಳಕೆದಾರರಿಗೆ ಅಂಥ ಏರ್ಪಾಡಿನಿಂದ ಪ್ರಯೋಜನಕ್ಕಿಂತ ಬೇಸರವೇ ಹೆಚ್ಚು ಎನ್ನುವುದು ನನ್ನ ಅಭಿಪ್ರಾಯ. ಕುತೂಹಲ ಇರುವವರು, ಮ್ಯಾಕ್ ಬಳಸುವವರಾದರೆ, ಅಂಥದ್ದೇ ಆದ ಲಿಟಲ್ ಸ್ನಿಚ್ ಹಾಕಿಕೊಂಡು ನೋಡಲಿ. ಯಾವ ಆ್ಯಪ್ ಯಾರ ಹತ್ತಿರ ಮಾತಾಡುತ್ತದೆ ಎಂದು ನೋಡಿ ಬೆರಗಾಗಬಹುದು. ಅಂದಹಾಗೆ ಮ್ಯಾಕ್‌ನ ಸ್ವಂತ ಫೈರ್‌ವಾಲ್ ಇವತ್ತಿಗೂ ಆಫ್ ಆಗಿಯೇ ಇರುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ನೀವೇ ಆನ್ ಮಾಡಬೇಕು.

ಪ್ರೈವೇಟ್ ಯಾವುದು, ಪಬ್ಲಿಕ್ ಯಾವುದು ಎಂಬಲ್ಲಿ ರೀಮ್‌ನವರು ಸ್ವಲ್ಪ ಯೋಚಿಸಬೇಕು. ನಿಮ್ಮದೇ ಫ್ಲ್ಯಾಟ್, ನಿಮ್ಮದೇ ವೈಫೈ, ಪಾಸ್‌ವರ್ಡ್ ಮನೆಯವರಿಗೆ ಮಾತ್ರ ಗೊತ್ತು ಎಂದರೆ ಪ್ರೈವೇಟ್. ಆಗ ಮನೆಯ ಪ್ರಿಂಟರ್ ಹಂಚಿಕೊಳ್ಳುವುದು, ಒಂದು ಲ್ಯಾಪ್‌ಟಾಪಿನಿಂದ ಇನ್ನೊಂದಕ್ಕೆ ಫೈಲ್ ಕಳಿಸುವುದು ಸುಲಭ. ಶೇರಿಂಗ್ ಫ್ಲ್ಯಾಟಿನಲ್ಲಿ ಒಂದೇ ವೈಫೈ ನಾಲ್ಕು ಕೋಣೆಗೆ ಹಂಚಿದ್ದರೆ, ಅದು ನಿಮ್ಮ ಮನೆಯೇ ಆದರೂ ಜಾಲ ಪಬ್ಲಿಕ್. ಮಾಲ್, ಕಾಫಿ ಅಂಗಡಿ, ವಿಮಾನ ನಿಲ್ದಾಣದ ವೈಫೈ ಬಗ್ಗೆ ಹೇಳುವುದೇ ಬೇಡ.

ಎರಡು ಸಣ್ಣ ತೊಡಕುಗಳಿವೆ. ಹೊಸ ಲ್ಯಾಪ್‌ಟಾಪಿನೊಂದಿಗೆ ಬರುವ ಕೆಲವು ಟ್ರಯಲ್ ಆ್ಯಂಟಿವೈರಸ್‌ಗಳು ತಮ್ಮದೇ ಫೈರ್‌ವಾಲ್ ತರುತ್ತವೆ. ಆಗ ವಿಂಡೋಸ್‌ನಲ್ಲಿ ಏನು ಬದಲಾಯಿಸಿದರೂ ಪರಿಣಾಮ ಕಾಣದು. ಅನುಮತಿ ಕೊಡಬೇಕಾದ್ದು ಅಲ್ಲಿ. ಇನ್ನು ಕಂಪನಿ ಕೊಟ್ಟ ಲ್ಯಾಪ್‌ಟಾಪ್ ಆದರೆ ಗುಂಡಿಗಳೇ ಮಂಕಾಗಿರುತ್ತವೆ. ಅದನ್ನು ಮೀರುವ ಉಪಾಯ ಹುಡುಕದೆ ಐಟಿಯವರಿಗೆ ಫೋನ್ ಮಾಡಿ.

ಪೆಟ್ಟಿಗೆ ಬಂದಾಗ ಹೆಸರು ನೋಡಿದರೆ ಸಾಲದು. ಅದರಲ್ಲೇ ಪಬ್ಲಿಷರ್, ಪಾತ್ ಎಂಬ ಇನ್ನೆರಡು ಸಾಲು ಇರುತ್ತವೆ. ತಯಾರಕರ ಹೆಸರು ನಿಮಗೆ ತಿಳಿದದ್ದೇ, ಈಗ ತಾನೇ ನೀವೇ ತೆರೆದ ಪ್ರೋಗ್ರಾಮೇ, ಅದು ಇರುವುದು ಪ್ರೋಗ್ರಾಂ ಫೈಲ್ಸ್‌ನಲ್ಲೋ ಅಥವಾ ಡೌನ್‌ಲೋಡ್ಸ್, ಟೆಂಪ್ ಫೋಲ್ಡರಿನಲ್ಲೋ ಎಂದು ನೋಡಿ. ಏನೂ ತೆರೆಯದೆ ಕುಳಿತಾಗ, ಕೇಳದ ಹೆಸರೊಂದು ಟೆಂಪ್ ಫೋಲ್ಡರಿನಿಂದ ಅನುಮತಿ ಕೇಳಿದರೆ ಕ್ಯಾನ್ಸಲ್ ಒತ್ತಲು ಯೋಚಿಸಬೇಕಾಗಿಲ್ಲ.

ಇಷ್ಟೆಲ್ಲ ಮಾಡಿಯೂ ಫೈರ್‌ವಾಲ್ ಕಾಯದ ಒಂದು ಕಡೆಯಿದೆ. ಬ್ಯಾಂಕಿನಿಂದ, ಪೊಲೀಸರಿಂದ ಎಂದು ಹೇಳಿಕೊಂಡು ಫೋನ್ ಬರುತ್ತದೆ. ‘ಎನಿಡೆಸ್ಕ್ ಹಾಕಿಕೊಳ್ಳಿ, ನಂಬರ್ ಹೇಳಿ’ ಎನ್ನುತ್ತಾರೆ. ಎನಿಡೆಸ್ಕ್ ಕಳ್ಳ ಸಾಫ್ಟ್‌ವೇರ್ ಅಲ್ಲ, ದಿನವೂ ಸಾವಿರಾರು ಆಫೀಸಿನವರು ಬಳಸುವಂಥದ್ದು. ಅದು ಒಳಗಿಂದ ಹೊರಗೆ ಸಂಪರ್ಕ ಮಾಡುತ್ತದೆ, ಆದ್ದರಿಂದ ಫೈರ್‌ವಾಲ್ ತುಟಿಪಿಟಕ್ಕೆನ್ನುವುದಿಲ್ಲ. ಅತ್ತ ಕೂತವನಿಗೆ ನಿಮ್ಮ ಪರದೆ ಸಿಗುತ್ತದೆ, ಅನುಮತಿ ಕೊಟ್ಟದ್ದು ನೀವೇ. ಇಂಥ ಕರೆ ಬಂದರೆ ಕಟ್ ಮಾಡಿ, ವೈಫೈ ಆಫ್ ಮಾಡಿ, ಅಬುಧಾಬಿ ಪೊಲೀಸರ ಅಮಾನ್ ಸೇವೆಗೆ 8002626ರಲ್ಲಿ ತಿಳಿಸಿ. ಊರಲ್ಲಿರುವ ಅಪ್ಪ ಅಮ್ಮನಿಗೆ ಬಂದರೆ ಅಲ್ಲಿನ ಸಹಾಯವಾಣಿ 1930.

ಇವತ್ತು ಸಂಜೆ ಹತ್ತು ನಿಮಿಷ ಬಿಡುವಾದರೆ ವಿಂಡೋಸ್ ಸೆಕ್ಯೂರಿಟಿಯಲ್ಲಿ ಫೈರ್‌ವಾಲ್ ವಿಭಾಗ ತೆರೆದು, ಅನುಮತಿ ಪಡೆದ ಆ್ಯಪ್‌ಗಳ ಪಟ್ಟಿಯನ್ನು ಒಮ್ಮೆ ಓದಿ. ವಿಂಡೋಸ್‌ನದೇ ಆದವನ್ನು ಮುಟ್ಟಬೇಡಿ. ಎಂದೋ ತೆಗೆದುಹಾಕಿದ ಗೇಮ್, ಹಳೆಯ ಟೊರೆಂಟ್, ಒಂದೇ ಸಲ ಬಳಸಿದ ಸಾಫ್ಟ್‌ವೇರ್ ಅಲ್ಲಿ ಪಬ್ಲಿಕ್ ಟಿಕ್ ಇಟ್ಟುಕೊಂಡು ಇನ್ನೂ ಕೂತಿದ್ದರೆ ಆ ಟಿಕ್ ತೆಗೆಯಿರಿ. ಬೇಕಾದಾಗ ಮತ್ತೆ ಹಾಕಿಕೊಳ್ಳಬಹುದು.