ಬರಿದಾದ ಸಿಲಿಂಡರು, ಬಿಟ್ಟುಹೋದ ಪಾಟಿಚೀಲ

ಜತ್ತ ಭಾಗದ ಅನೇಕ ಮನೆಗಳಲ್ಲಿ ಗ್ಯಾಸಿನ ಒಲೆ ಒಳಗೆ ಸುಮ್ಮನಿರುತ್ತದೆ. ಅಂಗಳದಲ್ಲಿ ತೊಗರಿ ಕಟ್ಟಿಗೆಯ ಉರಿಯ ಮೇಲೆ ರೊಟ್ಟಿ ಬೇಯುತ್ತಿರುತ್ತದೆ. 2016ರ ಮೇ 1ರಂದು ಆರಂಭವಾದ ಉಜ್ವಲಾ ಯೋಜನೆಯು ಕೋಟ್ಯಂತರ ಬಡ ಕುಟುಂಬಗಳಿಗೆ ಗ್ಯಾಸ್ ಸಂಪರ್ಕ ನೀಡಿತು. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದ ಶೇ. 97ರಷ್ಟು ಮನೆಗಳಿಗೆ ವಿದ್ಯುತ್ತು ತಲುಪಿದ್ದರೂ, ಶುದ್ಧ ಇಂಧನದಿಂದ ಅಡುಗೆ ಮಾಡುವ ಮನೆಗಳು ಸುಮಾರು ಶೇ. 59 ಮಾತ್ರ.

ಇದಕ್ಕೆ ಸಿಲಿಂಡರಿನ ಬೆಲೆ ಒಂದು ಕಾರಣ. ಇನ್ನೊಂದು ಕಾರಣವನ್ನು ಆ ಮನೆಯವರ ಬಾಲ್ಯದಲ್ಲಿ ಹುಡುಕಬೇಕು. 1972ರ ಬರಗಾಲದಲ್ಲಿ ತಂದೆತಾಯಿಗಳು ಪರಿಹಾರ ಕಾಮಗಾರಿಯಲ್ಲಿ ಕಲ್ಲು ಒಡೆಯುತ್ತಿದ್ದಾಗ, ಕಟ್ಟಿಗೆ-ಕುಳ್ಳು ಆಯುತ್ತ, ತಮ್ಮ ತಂಗಿಯರನ್ನು ಸಲಹುತ್ತ ಶಾಲೆ ಬಿಟ್ಟ ಹುಡುಗಿಯರು ಇಂದು ಅರವತ್ತು ದಾಟಿದ್ದಾರೆ. ಓದು ನಿಂತವರಿಗೆ ದಿನಗೂಲಿಯೇ ಗತಿಯಾಯಿತು. ದಿನಗೂಲಿಯಲ್ಲಿ ಸಿಲಿಂಡರಿನ ಹಣ ಒಮ್ಮೆಲೇ ಕೂಡುವುದಿಲ್ಲ. ಕಟ್ಟಿಗೆಗಾದರೋ ರಟ್ಟೆಯ ಶ್ರಮವಿದ್ದರೆ ಸಾಕು. ಕೊರತೆಯಲ್ಲಿ ಬೆಳೆದವರು ಕೈಯಲ್ಲಿದ್ದ ಹಣವನ್ನು ನಾಳಿನ ಆಪತ್ತಿಗೆಂದು ಕಟ್ಟಿಡುತ್ತಾರೆ. ಅದನ್ನು ಅಜ್ಞಾನವೆಂದು ಹಳಿಯುವುದು ಸಲ್ಲದು. ಆದರೆ ಉಳಿಸಿದ ಹಣಕ್ಕೆ ಕಣ್ಣು, ಶ್ವಾಸಕೋಶಗಳು ದಂಡ ತೆರುತ್ತವೆ. ಕಾಯಿಲೆಯು ಗಳಿಕೆಯನ್ನು ಮತ್ತಷ್ಟು ಕುಗ್ಗಿಸುತ್ತದೆ. ಆಗ ಕಟ್ಟಿಗೆಯ ಹೊರೆ ಮಗಳ ತಲೆಗೇರುತ್ತದೆ.

ಈ ಸರಪಳಿ ಇಂದಿಗೂ ಕಡಿದಿಲ್ಲ. ದೀಪಾವಳಿಯ ಸುಮಾರಿಗೆ ಕಬ್ಬು ಕಡಿಯಲು ಹೊರಡುವ ಕುಟುಂಬಗಳ ಜೊತೆ ಮಕ್ಕಳೂ ಹೊರಡುತ್ತಾರೆ. ಗದ್ದೆಯ ಬದಿಯ ಗುಡಿಸಲಿನಲ್ಲಿ ಓದಲು ದೀಪವಿಲ್ಲ. ಹತ್ತಿರ ಶಾಲೆಯಿದ್ದರೂ ಅದು ಮರಾಠಿ ಶಾಲೆ. ಹಂಗಾಮು ಮುಗಿಸಿ ಮರಳುವಾಗ ಕನ್ನಡದ ಪಾಠಗಳು ಬಹುದೂರ ಸಾಗಿರುತ್ತವೆ. ಹಿಂದೆ ಬಿದ್ದ ಮಗು ಮರುವರ್ಷ ಶಾಲೆಯನ್ನೇ ಬಿಡುತ್ತದೆ.

ಪಾಲಕ ಬಂಧುಗಳಲ್ಲಿ ಎರಡು ವಿನಂತಿ. ಹೊರಡುವ ಮುನ್ನ ಮಗುವನ್ನು ಅಜ್ಜ ಅಜ್ಜಿಯರ ಬಳಿ ಬಿಡುವ ಬಗೆಯನ್ನು ಯೋಚಿಸಿರಿ. ಹಂಗಾಮಿ ವಸತಿಗೃಹದ ಸೌಲಭ್ಯವಿದೆಯೇ ಎಂದು ಮುಖ್ಯಾಧ್ಯಾಪಕರನ್ನು ಕೇಳಿರಿ. ಎರಡನೆಯದಾಗಿ, 14.2 ಕಿಲೋ ಸಿಲಿಂಡರು ಭಾರವೆನಿಸಿದರೆ ಉಜ್ವಲಾ ಗ್ರಾಹಕರಿಗೆ 5 ಕಿಲೋ ಸಿಲಿಂಡರಿನ ಅವಕಾಶವೂ ಇದೆ, ವಿತರಕರಲ್ಲಿ ವಿಚಾರಿಸಿರಿ. ಒಂದೇ ಸಲಕ್ಕೆ ತೆರಬೇಕಾದ ಹಣ ಅದರಿಂದ ಕಡಿಮೆಯಾಗುತ್ತದೆ.

ಇಂದು ಕಟ್ಟಿಗೆ ಆಯುವ ಹೊತ್ತಿನಲ್ಲಿ ಮಗಳು ಶಾಲೆಯಲ್ಲಿ ಕುಳಿತರೆ, ಮುಂದೆ ಅವಳ ಮನೆಯ ಸಿಲಿಂಡರು ಬರಿದಾಗಿ ನಿಲ್ಲುವ ಸಂಭವ ಕಡಿಮೆ.