ಶಾಸಕನು ಎತ್ತುವ ಕೈ ಯಾರದು?

‘ಪಕ್ಷದ ವಿರುದ್ಧ ಮತ ಹಾಕಿದ’ ಎಂಬ ಮಾತನ್ನು ನಮ್ಮ ಕಡೆ ಬೈಗುಳದಂತೆ ಬಳಸುತ್ತಾರೆ. ಹಾವೇರಿಯ ಬಸ್ ನಿಲ್ದಾಣದಲ್ಲಾಗಲಿ, ರಾಣೆಬೆನ್ನೂರಿನ ಬೀಜದ ಅಂಗಡಿಗಳ ಕಟ್ಟೆಯ ಮೇಲಾಗಲಿ, ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಾಗಲಿ ಈ ಮಾತು ಬಂದರೆ ಮೊದಲು ಏಳುವ ಪ್ರಶ್ನೆ ಒಂದೇ: ‘ಎಷ್ಟು ತಗೊಂಡಾನಂತ?’ ಯಾವ ಮಸೂದೆಯ ಮೇಲೆ, ಯಾವ ಕಾರಣಕ್ಕಾಗಿ ಎಂದು ಕೇಳುವವರು ಅಪರೂಪ. ಜನರನ್ನು ದೂರಿ ಫಲವಿಲ್ಲ. ಅವರು ಕಂಡದ್ದೇ ಹಾಗೆ. ಆದರೆ ಪಕ್ಷವನ್ನೇ ಬಿಟ್ಟು ಹೋಗುವದು ಬೇರೆ, ಪಕ್ಷದಲ್ಲಿದ್ದುಕೊಂಡೇ ಒಂದು ವಿಷಯದಲ್ಲಿ ‘ಇದನ್ನು ನಾನು ಒಪ್ಪಲಾರೆ’ ಎನ್ನುವದು ಬೇರೆ. ಈ ಎರಡನ್ನೂ ನಮ್ಮ ಕಾನೂನು ಒಂದೇ ಗಂಟಿನಲ್ಲಿ ಕಟ್ಟಿದೆ. ಇದರಿಂದ ಮತದಾರನಿಗೆ ಲಾಭಕ್ಕಿಂತ ಹಾನಿಯೇ ಹೆಚ್ಚೆಂದು ನನ್ನ ಅಭಿಪ್ರಾಯ.

ಪಾರ್ಲಿಮೆಂಟರಿ ಪದ್ಧತಿಯನ್ನು ನಾವು ಬ್ರಿಟನ್ನಿನಿಂದ ತಂದುಕೊಂಡೆವು. ‘ವಿಪ್’ ಎಂಬ ಶಬ್ದವನ್ನೂ ಅಲ್ಲಿಂದಲೇ ತಂದೆವು. ನರಿಬೇಟೆಯಲ್ಲಿ ಗುಂಪು ಬಿಟ್ಟು ಓಡುವ ನಾಯಿಗಳನ್ನು ಚಾವಟಿಯಿಂದ ಒಳಗೆ ಅಟ್ಟುವ ಆಳಿನ ಹೆಸರಿನಿಂದ ಈ ಪದ ಹುಟ್ಟಿತು. ಪ್ರಜೆಗಳ ಪ್ರತಿನಿಧಿಗಳಿಗೆ ಇದಕ್ಕಿಂತ ಗೌರವದ ಉಪಮೆ ದೊರೆಯಲಿಲ್ಲವೆ ಎಂದು ನಗು ಬರುತ್ತದೆ. ನಾವಂತೂ ‘ಸಚೇತಕ’ ಎಂಬ ಚೆಂದದ ಸಂಸ್ಕೃತ ಪದವನ್ನು ಹೊದಿಸಿ ಚಾವಟಿಯನ್ನು ಮುಚ್ಚಿದೆವು. ಬ್ರಿಟನ್ನಿನಲ್ಲಿ ಪಕ್ಷವು ಸದಸ್ಯರಿಗೆ ಕಳಿಸುವ ಸೂಚನೆಯ ಕೆಳಗೆ ಗೆರೆ ಎಳೆಯುವದುಂಟು. ಮೂರು ಗೆರೆ ಎಳೆದಿದ್ದರೆ ಬಂದೇ ತೀರಬೇಕು, ಹೇಳಿದಂತೆಯೇ ಮತ ಹಾಕಬೇಕು.

ಇಷ್ಟಾದರೂ ಅಲ್ಲಿ ವಿರುದ್ಧ ಮತ ಬೀಳುತ್ತದೆ. ಸಾಮಾನ್ಯ ಸದಸ್ಯನು ಬಹುತೇಕ ಎಲ್ಲ ಮತದಾನಗಳಲ್ಲಿ ಪಕ್ಷದೊಡನೆಯೇ ಇರುತ್ತಾನೆ, ನಿಜ. ಆದರೆ ಬೇಕೆಂದಾಗ ಹೊರಗೆ ನಿಲ್ಲಲು ಬರುತ್ತದೆ. 2003ರ ಮಾರ್ಚ್ 18ರಂದು ಇರಾಕಿನ ಯುದ್ಧದ ಪ್ರಶ್ನೆ ಬಂದಾಗ ಪ್ರಧಾನಿ ಟೋನಿ ಬ್ಲೇರ್ ಅವರ ಸ್ವಂತ ಪಕ್ಷದ 139 ಸದಸ್ಯರು ಸರಕಾರದ ವಿರುದ್ಧ ನಿಂತರು. 2019ರ ಜನವರಿ 15ರಂದು ಥೆರೆಸಾ ಮೇ ಅವರ ಒಪ್ಪಂದವು 432ಕ್ಕೆ 202 ಮತಗಳಿಂದ ಬಿದ್ದುಹೋಯಿತು. ಬೀಳಿಸಿದವರಲ್ಲಿ 118 ಜನ ಅವರ ಪಕ್ಷದವರೇ. 2010ರಿಂದ 2015ರವರೆಗಿನ ಸಮ್ಮಿಶ್ರ ಸರಕಾರದ ಕಾಲದಲ್ಲಿ ನಡೆದ ಮತದಾನಗಳಲ್ಲಿ ನೂರಕ್ಕೆ 35ರಲ್ಲಿ ಆಳುವ ಪಕ್ಷಗಳ ಯಾರಾದರೊಬ್ಬರು ಬಂಡಾಯ ಹೂಡಿದ್ದರೆಂದು ಅಲ್ಲಿಯ ವಿದ್ವಾಂಸರು ಲೆಕ್ಕ ಹಾಕಿದ್ದಾರೆ. ಜೆರೆಮಿ ಕಾರ್ಬಿನ್ ಎಂಬ ಸದಸ್ಯರು ತಮ್ಮ ಪಕ್ಷದ ಸರಕಾರವಿದ್ದ 13 ವರ್ಷಗಳಲ್ಲಿ 400ಕ್ಕೂ ಹೆಚ್ಚು ಸಲ ವಿರುದ್ಧ ಮತ ಹಾಕಿದರು. 2015ರಲ್ಲಿ ಅದೇ ಪಕ್ಷ ಅವರನ್ನು ನಾಯಕನನ್ನಾಗಿ ಆರಿಸಿತು! (ನಾಯಕರಾದ ಮೇಲೆ ಅವರೂ ಮೂರು ಗೆರೆಯ ಸೂಚನೆ ಕಳಿಸಿದರು, 2017ರ ಫೆಬ್ರುವರಿ 1ರಂದು 47 ಜನ ಅದನ್ನು ಮೀರಿದರು. ಮಾಡಿದ್ದುಣ್ಣೋ ಮಹಾರಾಯ.) ಶಿಕ್ಷೆ ಇಲ್ಲವೆಂದಲ್ಲ. 2019ರ ಸೆಪ್ಟೆಂಬರ್ 3ರಂದು ವಿರುದ್ಧ ಮತ ಹಾಕಿದ 21 ಜನರನ್ನು ಬೋರಿಸ್ ಜಾನ್ಸನ್ನರು ಸಂಸದೀಯ ಪಕ್ಷದಿಂದ ಹೊರಹಾಕಿದರು. ಚರ್ಚಿಲ್ಲರ ಮೊಮ್ಮಗನೂ ಅವರಲ್ಲೊಬ್ಬ. ಆದರೆ ಅವರ ಸ್ಥಾನ ಹೋಗಲಿಲ್ಲ. ಪಕ್ಷ ಕೊಟ್ಟದ್ದನ್ನು ಪಕ್ಷ ಕಸಿಯಿತು. ಮತದಾರ ಕೊಟ್ಟದ್ದನ್ನು ಮುಟ್ಟಲು ಅದಕ್ಕೆ ಅಧಿಕಾರವಿರಲಿಲ್ಲ.

ನಮ್ಮಲ್ಲಿ ಹಾಗಲ್ಲ. 1967ರಲ್ಲಿ ಹರಿಯಾಣದ ಗಯಾಲಾಲರು ಒಂದು ಪಕ್ಷದಿಂದ ಇನ್ನೊಂದಕ್ಕೆ ಹಾರಿ, ಮರಳಿ ಹಾರಿ, ‘ಆಯಾರಾಮ ಗಯಾರಾಮ’ ಎಂಬ ಮಾತಿಗೆ ಕಾರಣರಾದರು. ಆ ರೋಗಕ್ಕೆ ಮದ್ದೆಂದು 1985ರಲ್ಲಿ 52ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಹತ್ತನೆಯ ಅನುಸೂಚಿ ಸೇರಿತು. ಪಕ್ಷ ಬಿಟ್ಟರೆ ಸ್ಥಾನ ಹೋಗುವದು, ಇದು ನ್ಯಾಯವೇ. ಆದರೆ ಸಚೇತಕನ ಆಜ್ಞೆ ಮೀರಿ ಮತ ಹಾಕಿದರೂ, ಸುಮ್ಮನೆ ಕುಳಿತರೂ, 15 ದಿನಗಳೊಳಗೆ ಪಕ್ಷ ಕ್ಷಮಿಸದಿದ್ದರೆ ಸ್ಥಾನ ಹೋಗುವದು. ವಿಶ್ವಾಸಮತವಾಗಲಿ, ನಾಯಿಗಳ ಲೈಸೆನ್ಸಿನ ಮಸೂದೆಯಾಗಲಿ, ಅನುಸೂಚಿಯ ಅಕ್ಷರದಲ್ಲಿ ಭೇದವಿಲ್ಲ. 1990ರಲ್ಲಿ ದಿನೇಶ ಗೋಸ್ವಾಮಿ ಸಮಿತಿಯು ಈ ಶಿಕ್ಷೆಯನ್ನು ವಿಶ್ವಾಸಮತದಂಥ ಪ್ರಸಂಗಗಳಿಗಷ್ಟೇ ಇಡಬೇಕೆಂದು ಹೇಳಿತು. 1992ರಲ್ಲಿ ಕಿಹೊಟೊ ಹೊಲ್ಲೊಹಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೂ ಕಾನೂನನ್ನು ಎತ್ತಿಹಿಡಿಯುತ್ತಲೇ, ಇಂಥ ಆಜ್ಞೆ ವಿಶ್ವಾಸಮತಕ್ಕೂ ಪಕ್ಷವು ಜನರ ಮುಂದಿಟ್ಟ ಮುಖ್ಯ ಕಾರ್ಯಕ್ರಮಕ್ಕೂ ಸೀಮಿತವಾಗಿರಬೇಕೆಂದು ನುಡಿಯಿತು. ಕಾನೂನಿನ ಅಕ್ಷರ ಮಾತ್ರ ಇದ್ದಂತೆಯೇ ಇದೆ.

ಇನ್ನು ಈ ಮದ್ದಿನಿಂದ ರೋಗವಾದರೂ ವಾಸಿಯಾಯಿತೆ? ದೂರ ಹೋಗಬೇಕಾಗಿಲ್ಲ, ನಮ್ಮ ಜಿಲ್ಲೆಯ ಆರು ಕ್ಷೇತ್ರಗಳಲ್ಲಿ ಎರಡು ಇದಕ್ಕೆ ಸಾಕ್ಷಿ. 2018ರಲ್ಲಿ ರಾಣೆಬೆನ್ನೂರಿನಿಂದ ಕರ್ನಾಟಕ ಪ್ರಜ್ಞಾವಂತ ಜನತಾ ಪಕ್ಷದ ಹೆಸರಿನಲ್ಲಿ ಆರಿಸಿಬಂದವರು ಶ್ರೀ ಆರ್. ಶಂಕರ್. ಹಿರೇಕೆರೂರಿನಿಂದ ಕಾಂಗ್ರೆಸ್ಸಿನ ಶ್ರೀ ಬಿ. ಸಿ. ಪಾಟೀಲರು ಶ್ರೀ ಯು. ಬಿ. ಬಣಕಾರರನ್ನು ಕೇವಲ 555 ಮತಗಳಿಂದ ಸೋಲಿಸಿದ್ದರು. 2019ರ ಜುಲೈಯಲ್ಲಿ ಶ್ರೀ ಕುಮಾರಸ್ವಾಮಿಯವರ ಸಮ್ಮಿಶ್ರ ಸರಕಾರ ಅಲುಗಾಡಿದಾಗ ಬಂಡಾಯದವರು ಸದನದಲ್ಲಿ ಎದ್ದುನಿಂತು ವಿರುದ್ಧ ಮತ ಹಾಕಲಿಲ್ಲ. ರಾಜೀನಾಮೆ ಬರೆದು ಮುಂಬಯಿಯ ಹೋಟೆಲು ಸೇರಿದರು. ಜುಲೈ 23ರಂದು ವಿಶ್ವಾಸಮತ 99ಕ್ಕೆ 105ರಿಂದ ಬಿತ್ತು. ಸರಕಾರವನ್ನು ಉರುಳಿಸಿದ್ದು ಹಾಕಿದ ಮತಗಳಲ್ಲ, ಬಾರದೆ ಉಳಿದವರ ಖಾಲಿ ಕುರ್ಚಿಗಳು. ಸಭಾಧ್ಯಕ್ಷ ಶ್ರೀ ರಮೇಶಕುಮಾರರು ಜುಲೈ 25ರಂದು ಮೂವರನ್ನು, 28ರಂದು 14 ಜನರನ್ನು ಅನರ್ಹಗೊಳಿಸಿದರು. ಶಂಕರರು ಮೊದಲ ಮೂವರಲ್ಲಿ, ಪಾಟೀಲರು ಎರಡನೆಯ ಗುಂಪಿನಲ್ಲಿ. ನವೆಂಬರ್ 13ರಂದು ಸುಪ್ರೀಂ ಕೋರ್ಟು ಅನರ್ಹತೆಯನ್ನು ಒಪ್ಪಿತು. ಆದರೆ ಅವರು ವಿಧಾನಸಭೆಯ ಅವಧಿ ಮುಗಿಯುವವರೆಗೆ ಸ್ಪರ್ಧಿಸಬಾರದೆಂಬ ಭಾಗವನ್ನು ತೆಗೆದುಹಾಕಿತು.

ಡಿಸೆಂಬರ್ 5ರಂದು 15 ಕ್ಷೇತ್ರಗಳಲ್ಲಿ ಉಪಚುನಾವಣೆ. ಅನರ್ಹರಾದವರಲ್ಲಿ 13 ಜನ ಹೊಸ ಪಕ್ಷದ ಚಿಹ್ನೆಯ ಮೇಲೆ ನಿಂತರು, 11 ಜನ ಗೆದ್ದರು. ಪಾಟೀಲರು ಗೆದ್ದು ಮಂತ್ರಿಗಳಾದರು. ಶಂಕರರಿಗೆ ಟಿಕೆಟ್ ಸಿಗದಿದ್ದರೂ 2020ರಲ್ಲಿ ವಿಧಾನಪರಿಷತ್ತಿನ ಸದಸ್ಯತ್ವವೂ 2021ರಲ್ಲಿ ಮಂತ್ರಿಪದವಿಯೂ ದೊರೆತವು. 2023ರಲ್ಲಿ ಹಿರೇಕೆರೂರಿನಲ್ಲಿ ಮತ್ತೆ ಅದೇ ಇಬ್ಬರು ಎದುರಾಳಿಗಳು, ಆದರೆ ಪಕ್ಷಗಳು ಅದಲುಬದಲು: ಬಣಕಾರರು ಕಾಂಗ್ರೆಸ್ಸಿನಿಂದ, ಪಾಟೀಲರು ಭಾಜಪದಿಂದ. ಈ ಸಲ ಬಣಕಾರರು ಗೆದ್ದರು. ಯಾರ ಮೇಲೂ ಕೆಸರು ಎರಚುವದು ನನ್ನ ಉದ್ದೇಶವಲ್ಲ. ಮತದಾರರು ಗೆಲ್ಲಿಸಿದರು, ಮತದಾರರೇ ಸೋಲಿಸಿದರು. ನಾನು ಹೇಳುವದು ಕಾನೂನಿನ ಮಾತು. ಚಿಲ್ಲರೆ ಭಿನ್ನಮತಕ್ಕೆ ಬಾಗಿಲು ಮುಚ್ಚಿದ ಆ ಕಾನೂನು, ಸಗಟು ವ್ಯಾಪಾರವನ್ನು ತಡೆಯಲಾರದೆ ಹೋಯಿತು.

ಚಿಲ್ಲರೆ ಎಂದೆ, ಆದರೆ ನಮ್ಮ ಹೊಟ್ಟೆಯ ಪ್ರಶ್ನೆ ಇರುವದು ಅಲ್ಲಿಯೇ. 2020ರ ಮೇ ತಿಂಗಳಲ್ಲಿ ಮಾರುಕಟ್ಟೆ ಪ್ರಾಂಗಣದ ಹೊರಗೂ ಬೆಳೆ ಮಾರಲು ಅವಕಾಶ ಕೊಡುವ ಎಪಿಎಂಸಿ ತಿದ್ದುಪಡಿ ಸುಗ್ರೀವಾಜ್ಞೆಯ ಮೂಲಕ ಬಂದಿತು. ಬ್ಯಾಡಗಿಗೆ ಅದು ದೂರದ ಮಾತಲ್ಲ. ರೈತ, ದಲಾಲಿ ಅಂಗಡಿಯವ, ಹಮಾಲ, ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳು, ಎಲ್ಲರ ಬದುಕೂ ಆ ಪ್ರಾಂಗಣಕ್ಕೆ ಗಂಟುಬಿದ್ದಿದೆ. ತಿದ್ದುಪಡಿ ಒಳ್ಳೆಯದೆಂದು ವಾದಿಸುವವರಿದ್ದಾರೆ, ಕೆಟ್ಟದ್ದೆಂಬವರೂ ಇದ್ದಾರೆ. ಆದರೆ ಇಂಥ ಮಸೂದೆ ಬಂದಾಗ ಬ್ಯಾಡಗಿಯ ಶಾಸಕನು, ಯಾವ ಪಕ್ಷದವನೇ ಇರಲಿ, ತನ್ನ ಪೇಟೆಯವರನ್ನು ಕೇಳಿ ಅದರಂತೆ ಕೈಯೆತ್ತಬಲ್ಲನೆ? ವಿಪ್ ಹೊರಟಿದ್ದರೆ ಎತ್ತಲಾರ. ಹೀಗಿರುವಾಗ ಅವನಿಗೆ ಮನವಿಪತ್ರ ಕೊಟ್ಟು, ಹಾರ ಹಾಕಿ, ‘ನಮ್ಮ ಪರವಾಗಿ ನಿಲ್ಲಿರಿ’ ಎಂದು ಬೇಡುವದಕ್ಕೆ ಏನು ಅರ್ಥ?

ನಮ್ಮ ಚರ್ಚಾಕೂಟದಲ್ಲಿ ಈ ಮಾತು ತೆಗೆದಾಗ ರಾಣೆಬೆನ್ನೂರಿನ ಗೆಳೆಯನೊಬ್ಬ ಎದ್ದು, ‘ಚಾವಟಿ ಇದ್ದಾಗಲೇ ಇಷ್ಟು ಓಡಿದರು, ತೆಗೆದರೆ ಸಂತೆಯೇ ಕೂಡೀತು. ಮೇಲಾಗಿ ಜನ ಮತ ಹಾಕಿದ್ದು ಚಿಹ್ನೆಗೆ’ ಎಂದ. ಚಪ್ಪಾಳೆ ಅವನಿಗೇ ಹೆಚ್ಚು ಬಿದ್ದವು. ಅವನ ಮಾತಿನಲ್ಲಿ ಹುರುಳಿದೆ. ಆದುದರಿಂದಲೇ ವಿಶ್ವಾಸಮತಕ್ಕೂ ಹಣಕಾಸಿನ ಮಸೂದೆಗೂ ಚಾವಟಿ ಇರಲಿ ಎನ್ನುತ್ತೇನೆ. ಸರಕಾರವನ್ನು ಉರುಳಿಸುವ ಮತಕ್ಕೆ ಬೆಲೆ ಹತ್ತುತ್ತದೆ. ಉಳಿದ ಮಸೂದೆಯೊಂದು ಬಿದ್ದರೆ ಸರಕಾರ ಬೀಳದು, ಅಲ್ಲಿ ಒಂದು ಮತಕ್ಕೆ ಹೋಟೆಲು, ವಿಮಾನಗಳ ವೆಚ್ಚ ಮಾಡುವವರು ಕಡಿಮೆ. ಚಿಹ್ನೆಯ ಮಾತಿಗೂ ಉತ್ತರವುಂಟು. ಬರೀ ಚಿಹ್ನೆಗೇ ಮತ ಬೀಳುವದಾದರೆ 2019ರಲ್ಲಿ ಚಿಹ್ನೆ ಬದಲಿಸಿದ 11 ಜನ ಅವೇ ಕ್ಷೇತ್ರಗಳಲ್ಲಿ ಗೆದ್ದದ್ದು ಹೇಗೆ?

ಮನಸ್ಸಿನಂತೆ ಮತ ಹಾಕುವ ಮಾತು ಬಾಯಿಯಿಂದ ಬಂದಾಗಲೆಲ್ಲ ಅದು ಸಾಚಾ ಎಂದು ನಾನು ಹೇಳಲಾರೆ. 1969ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಕಾಂಗ್ರೆಸ್ಸು ಸಂಜೀವ ರೆಡ್ಡಿಯವರನ್ನು ರಾಷ್ಟ್ರಪತಿ ಹುದ್ದೆಗೆ ಆರಿಸಿತು. ಆಗ ಇಂದಿರಾ ಗಾಂಧಿಯವರು ‘ಆತ್ಮಸಾಕ್ಷಿಯ ಮತ’ ಕೇಳಿ ವಿ. ವಿ. ಗಿರಿಯವರನ್ನು ಗೆಲ್ಲಿಸಿದರು. ಪಕ್ಷದ ಅಧ್ಯಕ್ಷರಾಗಿದ್ದ ನಮ್ಮ ನಿಜಲಿಂಗಪ್ಪನವರು ನವೆಂಬರಿನಲ್ಲಿ ಪ್ರಧಾನಿಯನ್ನೇ ಪಕ್ಷದಿಂದ ಹೊರಹಾಕಿದರು. ಆತ್ಮಸಾಕ್ಷಿಯೆಷ್ಟು, ರಾಜಕಾರಣವೆಷ್ಟು ಎಂಬುದನ್ನು ಇತಿಹಾಸದ ಅಧ್ಯಾಪಕರು ಇಂದಿಗೂ ತೂಗುತ್ತಿದ್ದಾರೆ.

ಕೊನೆಗೆ ಒಂದು ಸಣ್ಣ ಬೇಡಿಕೆ; ಇದಕ್ಕೆ ಸಂವಿಧಾನದ ತಿದ್ದುಪಡಿಯೂ ಬೇಕಾಗಿಲ್ಲ. ಬ್ರಿಟನ್ನಿನ ಪಾರ್ಲಿಮೆಂಟಿನಲ್ಲಿ ಮತವಿಭಜನೆಯಾದರೆ ಯಾರು ಯಾವ ಕಡೆ ಎಂಬುದು ಹೆಸರುಸಹಿತ ಅಚ್ಚಾಗುತ್ತದೆ. ಅದಕ್ಕೇ ಯಾರು ಎಷ್ಟು ಸಲ ವಿರುದ್ಧ ಹೋದರೆಂದು ಎಣಿಸಲು ಬರುವದು. ನಮ್ಮಲ್ಲಿ ಹೆಚ್ಚಿನ ಮಸೂದೆಗಳು ಧ್ವನಿಮತದಿಂದ ಪಾಸಾಗುತ್ತವೆ. ‘ಹೌದು’ ಎಂದವರಾರು, ‘ಇಲ್ಲ’ ಎಂದವರಾರು, ನಿದ್ದೆ ಮಾಡುತ್ತಿದ್ದವರಾರು ಎಂಬ ಗುರುತು ಎಲ್ಲಿಯೂ ಉಳಿಯುವದಿಲ್ಲ. ಮುಂದಿನ ಚುನಾವಣೆಯಲ್ಲಿ ಅಭ್ಯರ್ಥಿಗಳು ಬ್ಯಾಡಗಿಯ ಪೇಟೆಗೂ ನಮ್ಮ ಕಾಲೇಜಿನ ಗೇಟಿಗೂ ಬಂದೇ ಬರುತ್ತಾರೆ. ಆಗ ರಸ್ತೆ, ಗಟಾರುಗಳ ಜೊತೆಗೆ ಇದನ್ನೂ ಕೇಳೋಣ: ಪ್ರತಿಯೊಂದು ಮಸೂದೆಗೂ ಹೆಸರು ಕರೆದು ಮತ ಎಣಿಸಬೇಕೆಂದು ಸದನದಲ್ಲಿ ನೀವು ಎದ್ದುನಿಂತು ಒತ್ತಾಯಿಸುವಿರಾ, ಇಲ್ಲವೆ?